ಅಧ್ಯಕ್ಷರು ಹೇಳದ ಠರಾವು

ನಮ್ಮೂರ ನಗರಸಭೆಯ ನಡವಳಿ ಪುಸ್ತಕದಲ್ಲಿ ನನ್ನದೂ ಒಂದು ಠರಾವು ಸೇರಿತ್ತು. ನಾನು ಸದಸ್ಯನಲ್ಲ, ಅಧಿಕಾರಿಯಲ್ಲ, ಸಭೆಗೆ ಟೀ ತರುವವನೂ ಅಲ್ಲ. ಬಿ.ಕಾಂ. ಮುಗಿಸಿ, ಕೆಲಸ ಹುಡುಕುತ್ತಿದ್ದೇನೆಂದು ಮನೆಯಲ್ಲಿ ಹೇಳಿ, ಸಾರ್ವಜನಿಕರ ಬೆಂಚಿನ ಮೇಲೆ ಕೂತು ಅಧ್ಯಕ್ಷರ ಧ್ವನಿಯನ್ನು ಅಭ್ಯಾಸ ಮಾಡುತ್ತಿದ್ದ ಮಿಮಿಕ್ರಿ ಹುಡುಗ. ಪಕ್ಕದಲ್ಲಿದ್ದ ಗೆಳೆಯನನ್ನು ನಗಿಸಲೆಂದು ಆ ಧ್ವನಿಯಲ್ಲಿ ಎರಡೇ ಎರಡು ಮಾತು ಆಡಿದೆ. ಅದು ಸಭೆಯ ತೀರ್ಮಾನವೆಂದು ದಾಖಲಾಯಿತು. ಅದರ ಕಷ್ಟ ಒಂದು ಕೇರಿಯ ಹೆಣ್ಣುಮಕ್ಕಳ ತಲೆಗೆ ಬಿತ್ತು. ತಪ್ಪು ಪೂರ್ತಿ ನನ್ನದು. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ, ಮುಂದೆ ನನ್ನ ಊರಿನ ಬಗ್ಗೆ ಒಂದಷ್ಟು ಜಂಬ ಕೊಚ್ಚಿಕೊಳ್ಳಲು ನನಗೆ ಮುಖ ಇರುತ್ತದೆ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ಶಿವಮೊಗ್ಗದಲ್ಲಿ ಕೇಬಲ್ ಟಿವಿ ಮನೆಮನೆಗೆ ಬಂದಿತ್ತು. ಆದರೆ ತಿಂಗಳಿಗೊಮ್ಮೆ ನಡೆಯುವ ಸಾಮಾನ್ಯ ಸಭೆಗೆ ಸಾಟಿಯಾದ ಧಾರಾವಾಹಿ ಯಾವ ಚಾನೆಲ್ಲಿನಲ್ಲೂ ಇರಲಿಲ್ಲ. ಸಭಾಂಗಣದ ಒಂದು ಕೊನೆಯಲ್ಲಿ ಸಾರ್ವಜನಿಕರಿಗೆಂದು ಎರಡು ಬೆಂಚು ಹಾಕಿದ್ದರು. ಯಾರು ಬೇಕಾದರೂ ಬಂದು ಕೂರಬಹುದು, ಮಾತಾಡಬಾರದು ಅಷ್ಟೆ. ಆ ಎರಡು ಬೆಂಚುಗಳ ಮೇಲೆ ನನಗೆ ಆಗಲೂ ಹೆಮ್ಮೆ, ಈಗಲೂ ಹೆಮ್ಮೆ. ನಮ್ಮನ್ನು ಆಳುವವರು ಬೋಂಡ ತಿನ್ನುವಾಗ ಚಟ್ನಿ ಯಾವ ಫೈಲಿನ ಮೇಲೆ ಬೀಳುತ್ತದೆ ಎಂಬುದನ್ನು ಹತ್ತಡಿ ದೂರದಿಂದ, ಯಾರ ಅಪ್ಪಣೆಯೂ ಇಲ್ಲದೆ ನೋಡುವ ಹಕ್ಕು ಅದು. ಬೆಂಚು ತುಂಬಿದ್ದನ್ನು ನಾನು ಅಲ್ಲಿಯವರೆಗೆ ಒಮ್ಮೆಯೂ ಕಂಡಿರಲಿಲ್ಲ. ಇಬ್ಬರು ಮಾತ್ರ ಕಾಯಂ ಗಿರಾಕಿಗಳು. ಒಬ್ಬ ನಾನು. ಇನ್ನೊಬ್ಬ ನನ್ನ ಗೆಳೆಯ, ಸ್ಕೂಟರ್ ಮೆಕ್ಯಾನಿಕ್. ಮನೆಯಲ್ಲಿ ದಖ್ನಿ ಉರ್ದು, ಅಂಗಡಿಯಲ್ಲಿ ಕನ್ನಡ, ಪ್ಲಗ್ ಸುಟ್ಟುಹೋದ ಸ್ಕೂಟರಿನ ಮುಂದೆ ಎರಡೂ ಬೆರೆಸಿ ಬೈಯುತ್ತಿದ್ದವನು. ಸಭೆಯ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಬಂದುಬಿಡುತ್ತಿದ್ದ.

ನನಗೆ ಇದ್ದ ವಿದ್ಯೆ ಒಂದೇ. ಯಾರ ಮಾತನ್ನಾದರೂ ಎರಡು ಸಲ ಕೇಳಿದರೆ ಮೂರನೆಯ ಸಲ ಅದು ನನ್ನ ಗಂಟಲಿನಿಂದ ಬರುತ್ತಿತ್ತು. ಬಸ್‌ಸ್ಟ್ಯಾಂಡಿನ ಮೈಕಿನವನು, ಪೇಪರ್ ಓದುತ್ತಾ ತೂಕಡಿಸುವ ಅಪ್ಪ, ಗಣಪತಿ ಪೆಂಡಾಲಿನ ಭಾಷಣಕಾರ, ಎಲ್ಲರೂ ನನ್ನೊಳಗೆ ಬಾಡಿಗೆಗಿದ್ದರು. ಮಾಲೀಕ ಮಾತ್ರ ಎಲ್ಲೋ ಹೋಗಿದ್ದ. ಇಂಟರ್ವ್ಯೂನಲ್ಲಿ ಕೂತರೆ ನನ್ನ ಸ್ವಂತ ಧ್ವನಿಯೊಂದೇ ಹೊರಡುತ್ತಿರಲಿಲ್ಲ.

"ಬೇರೆಯವ್ರದ್ದು ಎಷ್ಟಾದ್ರೂ ಮಾಡು ಮಾರಾಯ," ಅನ್ನುತ್ತಿದ್ದಳು ಅಮ್ಮ. "ಇಂಟರ್ವ್ಯೂಗೆ ಹೋಗುವಾಗ ನಿಂದನ್ನ ತಗೊಂಡು ಹೋಗು."

ಸಭೆಯಲ್ಲಿ ನನಗೆ ತುಂಬ ಒಲಿದದ್ದು ಅಧ್ಯಕ್ಷರ ಧ್ವನಿ. ಅವರು ತಾಳ್ಮೆಯ ಮನುಷ್ಯ. ಮೂವತ್ತು ಚಿಲ್ಲರೆ ಸದಸ್ಯರು ಒಟ್ಟಿಗೆ ಕೂಗಾಡಿದರೂ ಕೂತಲ್ಲಿಂದ ಏಳುತ್ತಿರಲಿಲ್ಲ. ಸಾಕಷ್ಟು ಕೇಳಿಸಿಕೊಂಡು, ಎರಡು ಸಲ ಕೆಮ್ಮುತ್ತಿದ್ದರು, ಮೊದಲನೆಯದು ಚಿಕ್ಕದು, ಎರಡನೆಯದು ಉದ್ದದ್ದು. ಆಮೇಲೆ ಹೊಟ್ಟೆಯ ಆಳದಿಂದ ಒಂದು ತೀರ್ಪು ಬರುತ್ತಿತ್ತು. "ಒಪ್ಪಿದೆ, ಮುಂದಿನದು." ಇಲ್ಲವೇ, "ಕೈಬಿಡಿ, ಮುಂದಿನದು." ಮೂರನೆಯ ಬಗೆಯ ಮಾತು ಅವರಲ್ಲಿ ಇರಲಿಲ್ಲ.

ಆ ಮಾತನ್ನು ಬರೆದುಕೊಳ್ಳುವವರು ಒಬ್ಬ ಹಿರಿಯ ಗುಮಾಸ್ತರು. ಕಾರ್ಯಸೂಚಿಯ ವಿಷಯಗಳನ್ನು ಒಂದೊಂದಾಗಿ ಓದುವುದೂ, ಅದರ ತೀರ್ಮಾನವನ್ನು ನಡವಳಿಯಲ್ಲಿ ಬರೆಯುವುದೂ ಅವರ ಕೆಲಸ. ಅವರ ಮೇಜು ಸರಿಯಾಗಿ ನಮ್ಮ ಬೆಂಚಿನ ಮುಂದೆ, ನಮಗೆ ಬೆನ್ನು ಮಾಡಿಕೊಂಡು. ಸಭೆ ಶುರುವಾದಾಗ ಬಗ್ಗಿಸಿದ ತಲೆಯನ್ನು ಮುಗಿಯುವವರೆಗೆ ಎತ್ತುತ್ತಿರಲಿಲ್ಲ. ಅದು ಸೋಮಾರಿತನವಲ್ಲ, ವ್ರತ. ಹಿಂದೆ ಯಾವುದೋ ಕಾಲದಲ್ಲಿ ಸದಸ್ಯರು ಅವರ ಮುಖ ನೋಡಿ, ಇದನ್ನು ಬರಿ, ಅದನ್ನು ಬಿಡು ಎಂದು ಕಣ್ಣಲ್ಲೇ ಸನ್ನೆ ಮಾಡುತ್ತಿದ್ದರಂತೆ. "ಕಣ್ಣಿಗೆ ದಾಕ್ಷಿಣ್ಯ ಇರುತ್ತೆ, ಕಿವಿಗೆ ಇರಲ್ಲ" ಎಂದು ಅವರು ಅಂದಿನಿಂದ ಕಿವಿಯೊಂದರಿಂದಲೇ ಬರೆಯತೊಡಗಿದರು. ಎಲ್ಲ ಸದಸ್ಯರ ಧ್ವನಿಯೂ ಅವರಿಗೆ ಪಾಠವಾಗಿತ್ತು. ಅವರ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆಯೂ ಇನ್ನೊಬ್ಬರ ಮಾತು ಸೇರಿದ್ದನ್ನು ಯಾರೂ ತೋರಿಸಿರಲಿಲ್ಲ. ಇಂಥ ಗುಮಾಸ್ತರು ನಮ್ಮೂರಲ್ಲಿದ್ದಾರೆ ಎಂದು ನಾನು ಬೇರೆ ಊರಿನ ನೆಂಟರ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಅವರ ವ್ರತ ಕೆಡಿಸಿದವನೂ ನಾನೇ.

ಇನ್ನು ನಮ್ಮ ವಾರ್ಡಿನ ಸದಸ್ಯೆ. ಮಹಿಳೆಯರಿಗೆ ಮೀಸಲಾದ ಜಾಗದಿಂದ ಮೊದಲ ಸಲ ಗೆದ್ದು ಬಂದವರು. ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸುವ ಕೆಲಸ. ಬೆಟ್ಟೆ ಒಂದು ಕಡೆ, ರಾಶಿ ಒಂದು ಕಡೆ, ಕಳಪೆಯ ಗೊರಬಲು ಇನ್ನೊಂದು ಕಡೆ. ಸದಸ್ಯೆಯಾದ ಮೇಲೂ ಆ ಕೆಲಸ ಬಿಡಲಿಲ್ಲ. ಮಧ್ಯಾಹ್ನದವರೆಗೆ ಮಂಡಿ, ಆಮೇಲೆ ಬೆರಳಿನ ಕಂದು ಬಣ್ಣದ ಸಮೇತ ಸಭೆ. ಹುಟ್ಟಿದ್ದು ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ, ಮನೆಮಾತು ತಮಿಳು. ಹಾಗಾಗಿ ಅವರ ಕನ್ನಡದಲ್ಲಿ ಒಂದು ಎಳೆತವಿತ್ತು, ತಮಗಿಂತ ಚಿಕ್ಕವರನ್ನೂ ದೊಡ್ಡವರನ್ನೂ 'ತಂಬಿ', ಅಂದರೆ ತಮ್ಮ, ಎಂದು ಕರೆದುಬಿಡುವ ಸಲಿಗೆಯಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಬೆನ್ನ ಹಿಂದೆ ಅವರ ಧ್ವನಿಯನ್ನೂ ಮಾಡುತ್ತಿದ್ದೆ, ಗಣಪತಿ ಪೆಂಡಾಲಿನಲ್ಲಿ ಅದಕ್ಕೆ ಒಳ್ಳೆಯ ಚಪ್ಪಾಳೆ ಬಿದ್ದಿತ್ತು.

ಅಕ್ಕ ಗೆದ್ದದ್ದು ಒಂದೇ ಮಾತು ಕೊಟ್ಟು. ವಿನೋಬನಗರದ ನಮ್ಮ ಕಡೆ ರಸ್ತೆ ತಗ್ಗಿಗೆ ಇಳಿಯುವಲ್ಲಿ ಒಂದು ಕೇರಿ ಇದೆ. ಅಲ್ಲಿನ ಹೆಂಗಸರಲ್ಲಿ ಬಹುಪಾಲು ಒಂಬತ್ತಕ್ಕೆಲ್ಲ ಮಂಡಿಗೆ ಹೋಗುವವರು. ಗಾಜನೂರಿನ ಅಣೆಕಟ್ಟಿನಲ್ಲಿ ಹೊಳೆ ತುಂಬಿ ನಿಂತಿದ್ದರೂ ಆ ಕೇರಿಯ ನಲ್ಲಿಗೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಹತ್ತಕ್ಕೆ, ನಿಲ್ಲುತ್ತಿದ್ದದ್ದು ಹನ್ನೊಂದಕ್ಕೆ. ತಾಯಂದಿರು ಮಂಡಿಯಲ್ಲಿ, ಗಂಡಸರು ಎಲ್ಲೋ. ನೀರು ಹಿಡಿಯಲು ಮನೆಯಲ್ಲಿ ಉಳಿಯುತ್ತಿದ್ದದ್ದು ಹೆಣ್ಣುಹುಡುಗಿ. ಶಾಲೆಯ ಗಂಟೆ ಹತ್ತಕ್ಕೇ ಹೊಡೆಯುತ್ತಿತ್ತು. ನೀರನ್ನು ಬೆಳಿಗ್ಗೆ ಆರಕ್ಕೆ ಬಿಡಿಸುತ್ತೇನೆ, ಈ ಸಲದ ಪರೀಕ್ಷೆಗೆ ಯಾವ ಹುಡುಗಿಯೂ ಕೊಡದ ಹಿಂದೆ ಕಾಯುತ್ತಾ ಕೂರಬಾರದು ಎಂದು ಅಕ್ಕ ಹೇಳಿದ್ದರು. ಹೊಸ ಪೈಪು ಬೇಡ, ಹೊಸ ಟ್ಯಾಂಕು ಬೇಡ, ವಾಲ್ವ್ ತಿರುಗಿಸುವವನು ನಾಲ್ಕು ಗಂಟೆ ಮೊದಲು ಬಂದು ತಿರುಗಿಸಿದರೆ ಆಯಿತು. ಅವನನ್ನೂ ಒಪ್ಪಿಸಿಟ್ಟಿದ್ದರು. ಸಭೆಯ ಒಪ್ಪಿಗೆಯೊಂದು ಬಾಕಿ.

ಅದು ಕಾರ್ಯಸೂಚಿಯಲ್ಲಿ ಬಂದದ್ದು ಫೆಬ್ರವರಿಯ ಸಭೆಯಲ್ಲಿ, ವಿಷಯ ಸಂಖ್ಯೆ ಹದಿನೇಳು.

ಹದಿನಾರನೆಯದು ಕಸದ ತೊಟ್ಟಿ. ಎರಡು ವಾರ್ಡುಗಳ ಗಡಿಯಲ್ಲಿದ್ದ ಒಂದು ಸಿಮೆಂಟ್ ತೊಟ್ಟಿ ತಮ್ಮದಲ್ಲ ಎಂದು ಇಬ್ಬರು ಸದಸ್ಯರು ಎದ್ದು ನಿಂತು ಜಗಳವಾಡುತ್ತಿದ್ದರು. ಊರಿನಲ್ಲಿ ಜಾಗಕ್ಕಾಗಿ ಜಗಳವಾಡುವವರನ್ನು ಕಂಡಿದ್ದೆ, ಜಾಗ ಬೇಡವೆಂದು ಇಷ್ಟು ಆವೇಶದಿಂದ ಹೋರಾಡುವವರನ್ನು ಅಲ್ಲೇ ಕಂಡದ್ದು. ಅಧ್ಯಕ್ಷರು ಅದನ್ನು ಕೈಬಿಡಿ ಅಂದರು. ಜಗಳ ನಿಲ್ಲಲಿಲ್ಲ. ಆ ಗದ್ದಲದಲ್ಲೇ ಗುಮಾಸ್ತರು ಹದಿನೇಳನೆಯದನ್ನು ಓದಿದರು. ಅಕ್ಕ ಎದ್ದು ನಿಂತರು. ಕೈಯಲ್ಲಿ ಒಂದು ಹಾಳೆ. ಅಧ್ಯಕ್ಷರು ಹಿಂದಕ್ಕೆ ತಿರುಗಿ ಎಂಜಿನಿಯರರ ಕಿವಿಯಲ್ಲಿ ಏನೋ ಕೇಳುತ್ತಿದ್ದರು.

ನಾನು ಗೆಳೆಯನ ಕಡೆ ವಾಲಿದೆ. ಚಿಕ್ಕ ಕೆಮ್ಮು, ಉದ್ದ ಕೆಮ್ಮು. "ಕೈಬಿಡಿ, ಮುಂದಿನದು."

ಆ ಧ್ವನಿಯನ್ನು ಪಿಸುಗುಟ್ಟಲು ಬರುವುದಿಲ್ಲ. ಹೊಟ್ಟೆಯಿಂದ ತೆಗೆದರೇ ಅದು ಅಧ್ಯಕ್ಷರದ್ದು. ನಾನು ತೆಗೆಯುವುದಕ್ಕೂ ಬೋಂಡದ ತಟ್ಟೆ ಬಾಗಿಲಲ್ಲಿ ಕಾಣಿಸುವುದಕ್ಕೂ ಸರಿಹೋಯಿತು. ಕಸದ ತೊಟ್ಟಿಯ ವೀರರಿಬ್ಬರೂ ಒಟ್ಟಿಗೆ ಬಾಯಿ ಮುಚ್ಚಿದರು. ಆ ಒಂದು ಗಳಿಗೆಯ ನಿಶ್ಶಬ್ದದಲ್ಲಿ ನನ್ನ ಮಾತು ಗುಮಾಸ್ತರ ಬೆನ್ನಿಗೆ ಹೋಗಿ ತಟ್ಟಿತು.

"ವಿಷಯ ಸಂಖ್ಯೆ ಹದಿನೇಳು, ಕೈಬಿಡಲಾಗಿದೆ," ಎಂದು ತಲೆ ಎತ್ತದೆ ಬರೆಯುತ್ತಾ ಓದಿದರು ಅವರು. "ವಿಷಯ ಸಂಖ್ಯೆ ಹದಿನೆಂಟು, ಬೀದಿದೀಪ."

ನಾವಿಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಆಮೇಲೆ ನಾನು ಅಕ್ಕನ ಕಡೆ ನೋಡಿದೆ. ಅವರು ಅಧ್ಯಕ್ಷರ ತಲೆಯ ಹಿಂಭಾಗವನ್ನು ನೋಡುತ್ತಾ ನಿಂತಿದ್ದರು. ಕೈಯಲ್ಲಿದ್ದ ಹಾಳೆಯನ್ನು ಎರಡಾಗಿ ಮಡಚಿ, ನಾಲ್ಕಾಗಿ ಮಡಚಿ, ಕೂತರು.

"ಅರೆ ಯಾರ್," ಎಂದ ಗೆಳೆಯ, ನಗು ನಿಂತಿತ್ತು. "ಬರ್ಕೊಂಡೇ ಬಿಟ್ರಲ್ಲೋ."

ಆಗ ಎದ್ದು ನಿಂತು ಹೇಳಿದ್ದರೆ ಈ ಬರಹದ ಅಗತ್ಯ ಇರುತ್ತಿರಲಿಲ್ಲ. ನಾನು ಎದ್ದೆ, ಹೊರಗೆ ಹೋಗುವುದಕ್ಕೆ.

ಎಷ್ಟೋ ದಿನ ಏನೂ ಆಗಿಲ್ಲವೆಂದು ನನಗೆ ನಾನೇ ಹೇಳಿಕೊಂಡೆ. ಅಧ್ಯಕ್ಷರು ಹೇಗೂ ಕೈಬಿಡುತ್ತಿದ್ದರೇನೋ. ನನ್ನ ಮಾತಿಗೆ ಅಷ್ಟೊಂದು ಬೆಲೆ ಇದ್ದಿದ್ದರೆ ನನಗೆ ಕೆಲಸವೇ ಸಿಗುತ್ತಿತ್ತಲ್ಲ. ಹೀಗೆ. ಒಂದು ಬೆಳಿಗ್ಗೆ ಹತ್ತೂಕಾಲಿಗೆ ತಗ್ಗಿನ ಕೇರಿಯಲ್ಲಿ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದೆ. ನಲ್ಲಿಯ ಹತ್ತಿರ ಯೂನಿಫಾರ್ಮ್ ಹಾಕಿದ ಹುಡುಗಿಯೊಬ್ಬಳು ಬೋರಲು ಹಾಕಿದ ಕೊಡದ ಮೇಲೆ ಕೂತು ಸಮಾಜ ಪುಸ್ತಕ ಓದುತ್ತಿದ್ದಳು. ಏಳನೇ ಕ್ಲಾಸು, ಆ ವರ್ಷ ಪಬ್ಲಿಕ್ ಪರೀಕ್ಷೆ.

"ಶಾಲೆಗೆ ಹೋಗಲ್ವೇನೇ?" ಎಂದೆ.

"ನೀರು ಹಿಡ್ಕೊಂಡು ಹೋಗ್ತೀನಿ. ಪರೀಕ್ಷೆ ಹೊತ್ತಿಗೆ ಆರಕ್ಕೆ ಬರುತ್ತೆ ಅಂತ ಅಕ್ಕ ಹೇಳಿದ್ರು. ಈಗ ಅಧ್ಯಕ್ಷರು ಬ್ಯಾಡ ಅಂದ್ರಂತೆ."

"ಯಾಕಂತೆ?"

"ಗೊತ್ತಿಲ್ಲ. ದೊಡ್ಡೋರಲ್ವಾ, ಏನೋ ಕಾರಣ ಇರುತ್ತೆ," ಎಂದು ಅವಳು ಪುಟ ತಿರುಗಿಸಿದಳು.

ಜೀವನದಲ್ಲಿ ಮೊದಲ ಸಲ ಯಾರೋ ನನ್ನನ್ನು ದೊಡ್ಡವರೆಂದು ಗೌರವಿಸಿದ್ದರು. ಸೈಕಲ್ಲನ್ನು ತಿರುಗಿಸಿ ನೇರ ಗುಮಾಸ್ತರ ಹತ್ತಿರ ಹೋದೆ.

ಅವರು ಕಚೇರಿಯ ಮೂಲೆಯಲ್ಲಿ ಕೂತು ನಡವಳಿಯನ್ನು ಒಳ್ಳೆಯ ಅಕ್ಷರದಲ್ಲಿ ಪ್ರತಿ ಮಾಡುತ್ತಿದ್ದರು. ನಾನು ವಿಷಯ ಹೇಳಿದೆ. ಅವರು ತಲೆ ಎತ್ತದೆಯೇ ನಕ್ಕರು.

"ಹೋಗಯ್ಯ. ನನ್ನ ಕಿವಿಗೆ ಮೋಸ ಮಾಡೋನು ಇನ್ನೂ ಹುಟ್ಟಿಲ್ಲ. ಹೇಳಿದ್ದು ಅಧ್ಯಕ್ಷರೇ."

ವಾದ ಮಾಡಿ ಪ್ರಯೋಜನವಿರಲಿಲ್ಲ. ಎರಡು ಸಲ ಕೆಮ್ಮಿದೆ. "ಒಪ್ಪಿದೆ, ಮುಂದಿನದು."

ಅವರ ಕೈ ತಾನಾಗಿಯೇ ಪೆನ್ನು ಹಿಡಿದು ಹಾಳೆಯ ಮೇಲೆ ಹೋಯಿತು. ಅರ್ಧ ಅಕ್ಷರ ಬರೆದು ನಿಂತಿತು. ಆ ಅರ್ಧ ಅಕ್ಷರವನ್ನು ಅವರು ತುಂಬ ಹೊತ್ತು ನೋಡುತ್ತಾ ಕೂತರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಇಷ್ಟು ವರ್ಷ ಯಾರ ಮುಲಾಜಿಗೂ ಒಂದು ಅಕ್ಷರ ಬದಲಾಯಿಸಿಲ್ಲ," ಎಂದರು ಕೊನೆಗೆ. "ಈಗಲೂ ನಾನಾಗಿ ಬದಲಾಯಿಸೋಕಾಗಲ್ಲ. ಸಭೇಲಿ ಬರೆದದ್ದನ್ನ ಸಭೆಯೇ ತಿದ್ದಬೇಕು. ಮಂಗಳವಾರ ಮಾರ್ಚ್ ಸಭೆ ಇದೆ. ಮೊದಲು ಹಿಂದಿನ ನಡವಳಿ ಓದ್ತೀನಿ. ಆಗ ಸದಸ್ಯರು ಯಾರಾದ್ರೂ ಎದ್ದು ಇದು ತಪ್ಪು ಅಂದ್ರೆ ಆಯ್ತು. ನಿನ್ನಂಥವ್ರು ಎದ್ದು ಹೇಳೋ ಹಾಗಿಲ್ಲ. ಆ ಯಮ್ಮನಿಗೆ ಹೇಳು."

ಮಾರನೆಯ ದಿನ, ಶನಿವಾರ, ಹುಡುಕಿಕೊಂಡು ಹೋದರೆ ಆ ಯಮ್ಮ, ಅಂದರೆ ಅಕ್ಕ, ಊರಲ್ಲಿರಲಿಲ್ಲ. ಬೆಳಿಗ್ಗೆಯೇ ತಾಯಿಯ ಮನೆಗೆ, ಭದ್ರಾವತಿಗೆ ಹೋಗಿದ್ದರು. ಸೋಮವಾರ ರಾತ್ರಿ ಬರುತ್ತಾರೆಂದು ತಿಳಿಯಿತು. ಅಷ್ಟು ಹೊತ್ತು ಕಾದರೆ ನನ್ನ ಧೈರ್ಯ ಬತ್ತಿಹೋಗುವುದೆಂದು ನನಗೆ ಗೊತ್ತಿತ್ತು. ಗೆಳೆಯನಿಗೂ ಗೊತ್ತಿತ್ತು. ಭಾನುವಾರ ಬೆಳಕು ಹರಿಯುವ ಮೊದಲೇ ಯಾರದೋ ರಿಪೇರಿಗೆ ಬಂದ ಸ್ಕೂಟರ್ ತಂದು ಮನೆ ಮುಂದೆ ನಿಲ್ಲಿಸಿದ.

"ಗಿರಾಕಿದು. ಟ್ರಯಲ್ ನೋಡಬೇಕು," ಎಂದ.

"ಭದ್ರಾವತಿವರೆಗಾ?"

"ಕ್ಯಾ ರೇ, ಗಿರಾಕಿ ಕೇಳಿದ್ರೆ ಲಾಂಗ್ ಟ್ರಯಲ್ ಅಂತೀನಿ. ಕೂತ್ಕೋ. ದಾರೀಲಿ ಅಧ್ಯಕ್ಷರ ಧ್ವನಿ ಮಾಡಬ್ಯಾಡ, ನಕ್ಕೋ ಬಾಬಾ, ಗಾಡಿ ನಿಂತುಬಿಡ್ತದೆ."

ಕ್ವಾರ್ಟರ್ಸಿನ ಸಾಲು ಸೇರಿದಾಗ ಇನ್ನೂ ಆರಾಗಿರಲಿಲ್ಲ. ಒಂದೇ ಅಳತೆಯ ಮನೆಗಳು, ಒಂದೇ ಅಳತೆಯ ಬೇಲಿಗಳು. ಒಂದು ಬೇಲಿಯಾಚೆ ತಮಿಳು, ಇನ್ನೊಂದರಾಚೆ ತೆಲುಗು, ನಡುವೆ ಬೀದಿಯಲ್ಲಿ ಕನ್ನಡ. ಪ್ರತಿ ಮನೆಯ ಮುಂದೂ ಕೊಡಗಳು ಸಾಲಾಗಿ ಕೂತಿದ್ದವು, ಒಬ್ಬರೂ ಕಾಯುತ್ತಿರಲಿಲ್ಲ. ನಾನು ಅದನ್ನು ವಿಚಿತ್ರವೆಂದು ನೋಡುತ್ತಿರುವಾಗ ಕಾರ್ಖಾನೆಯ ಸೈರನ್ ಕೂಗಿತು. ಸೈರನ್ನಿನ ಹಿಂದೆಯೇ ನಲ್ಲಿಗಳಲ್ಲಿ ನೀರು ಬಂತು. ಬಾಗಿಲುಗಳು ತೆರೆದವು, ಹೆಂಗಸರು ಬಂದರು, ತುಂಬಿಸಿಕೊಂಡು ಹೋದರು. ಅವರಲ್ಲಿ ಅಕ್ಕನೂ ಇದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು.

ನನ್ನನ್ನು ನೋಡಿ, "ಏನ್ಪಾ ತಂಬಿ, ವಾರ್ಡಲ್ಲಿ ಬೆಂಕಿ ಬಿತ್ತಾ?" ಎಂದರು.

ಎಲ್ಲ ಹೇಳಿದೆ. ಹೇಳುವಾಗ ಯಾರ ಧ್ವನಿಯೂ ಸಹಾಯಕ್ಕೆ ಬರಲಿಲ್ಲ, ನನ್ನದರಲ್ಲೇ ಹೇಳಬೇಕಾಯಿತು. ತೊದಲಿದೆ. ಕೊಡ ತುಂಬಿ ಹರಿಯುತ್ತಿದ್ದರೂ ಅಕ್ಕ ನಲ್ಲಿ ನಿಲ್ಲಿಸಲಿಲ್ಲ.

"ಅಂದ್ರೆ ಅಧ್ಯಕ್ಷರು ಹೇಳಿಲ್ವಾ?"

"ಇಲ್ಲಕ್ಕ. ನಾನು."

ಅವರು ಕಟ್ಟೆಯ ಮೇಲೆ ಕೂತರು. "ಇಪ್ಪತ್ತು ದಿನದಿಂದ ನಿದ್ದೆ ಇಲ್ಲ ಕಣೋ. ಅಡಿಕೆ ಆರಿಸೋಳು ಎದ್ದು ನಿಂತ್ಕೊಂಡ್ರೆ ಅವ್ರು ಮುಖ ಕೂಡ ತಿರುಗಿಸಲ್ಲ, ಬೆನ್ನು ಮಾಡ್ಕೊಂಡೇ ಕೈಬಿಡಿ ಅಂತಾರೆ, ಅಂತ ಅನ್ಕೊಂಡಿದ್ದೆ. ಕೇರಿ ಹೆಂಗಸರು ಕೇಳಿದ್ರೆ ಏನು ಹೇಳ್ಲಿ ಅಂತ ಮಂಡಿಗೆ ಸುತ್ತು ದಾರಿ ಹಿಡ್ದು ಹೋಗ್ತಿದ್ದೆ." ಸೈರನ್ ಕೂಗಿದ ಕಡೆ ಕೈ ತೋರಿಸಿದರು. "ನಾನು ಏಳನೇ ಕ್ಲಾಸ್ ಪಾಸಾಗಿದ್ದು ಇದ್ರಿಂದ. ಆರಕ್ಕೆ ನೀರು, ಏಳಕ್ಕೆ ಗಂಜಿ, ಆಮೇಲೆ ಶಾಲೆ. ನಮ್ಮ ಕೇರಿ ಹುಡುಗೀರಿಗೆ ಇಷ್ಟೇ ನಾನು ಕೇಳಿದ್ದು."

ಅಷ್ಟರಲ್ಲಿ ಒಳಗಿನಿಂದ ಅವರ ಅಮ್ಮ ಬಂದು, "ಉಕ್ಕಾರು ತಂಬಿ, ಕೂತ್ಕೋ," ಎಂದು ನಮಗೆ ಮಣೆ ಹಾಕಿದರು. ಮಗಳು ಅವರಿಗೆ ತಮಿಳಿನಲ್ಲಿ ವಿಷಯವನ್ನೆಲ್ಲ ಹೇಳಿದರು. ಅಜ್ಜಿ ಕೋಪಿಸಿಕೊಳ್ಳಲಿಲ್ಲ. ಇವನು ನಿನ್ನ ಧ್ವನಿಯನ್ನೂ ಮಾಡುತ್ತಾನಾ ಎಂದು ಮಗಳನ್ನು ಕೇಳಿದರು.

"ಮಾಡ್ತಾನಂತೆ, ಪೆಂಡಾಲಲ್ಲಿ ಎಲ್ರನ್ನೂ ನಗಿಸಿದ್ದಾನೆ," ಎಂದರು ಅಕ್ಕ ನನ್ನನ್ನು ನೋಡಿ. ನಾನು ಭೂಮಿಗೆ ಇಳಿದುಹೋದೆ. "ಮಾಡು. ನಮ್ಮಮ್ಮ ಕೇಳ್ತಿದ್ದಾರಲ್ಲ."

ಮಾಡಿದೆ. ಅಜ್ಜಿ ಕೊಡಕ್ಕೆ ಒರಗಿಕೊಂಡು ನಕ್ಕರು. ಇವನ ಬಾಯಲ್ಲಿ ನೀನು ಇನ್ನೂ ಜೋರಾಗಿದ್ದೀಯ, ಸಭೆಯಲ್ಲಿ ಹೀಗೇ ಮಾತಾಡು ಎಂದು ಮಗಳಿಗೆ ಹೇಳಿದರು. ಆಮೇಲೆ ನಾನು ಹದಿನಾಲ್ಕು ಕೊಡ ನೀರು ಹೊತ್ತೆ. ಯಾರೂ ಹೊರು ಎನ್ನಲಿಲ್ಲ, ಅಕ್ಕ ಮೊದಲನೆಯದನ್ನು ನನ್ನ ಕೈಗಿಟ್ಟರು, ಅಷ್ಟೆ. ಗೆಳೆಯ ಕಟ್ಟೆಯ ಮೇಲೆ ಕಾಫಿ ಕುಡಿಯುತ್ತಾ ಎಣಿಸಿದ.

ಹೊರಡುವಾಗ ಅಕ್ಕ ಹೇಳಿದ್ದು ಒಂದೇ ಮಾತು. "ಮಂಗಳವಾರ ಬೆಂಚ್ ಮೇಲೆ ಕೂತಿರು. ಕರೆದಾಗ ಏಳು. ಈ ಸಲ ಹೊರಗೆ ಹೋಗೋಕಲ್ಲ."

ಮಂಗಳವಾರ ಸಾರ್ವಜನಿಕರ ಬೆಂಚು ತುಂಬಿತ್ತು. ಮಂಡಿಯ ಹೆಂಗಸರು ಮಧ್ಯಾಹ್ನದ ಕೆಲಸ ಬಿಟ್ಟು ಬಂದಿದ್ದರು. ಜಾಗ ಸಾಲದೆ ಗೋಡೆಗೆ ಒರಗಿ ನಿಂತಿದ್ದರು. ಸಮಾಜ ಪುಸ್ತಕದ ಹುಡುಗಿಯೂ ತಾಯಿಯ ಪಕ್ಕದಲ್ಲಿದ್ದಳು. ಪರೀಕ್ಷೆಗೆ ಹತ್ತು ದಿನ ಬಾಕಿ.

ಗುಮಾಸ್ತರು ಹಿಂದಿನ ನಡವಳಿ ಓದಿದರು. ಹದಿನೇಳಕ್ಕೆ ಬಂದಾಗ ಅವರ ಧ್ವನಿ ಒಂದಿಷ್ಟು ತಗ್ಗಿತು. ಅಕ್ಕ ಎದ್ದರು. "ಅಧ್ಯಕ್ಷರೇ, ಇದು ತಪ್ಪು. ಹದಿನೇಳನ್ನ ನೀವು ಕೈಬಿಡಿ ಅಂದಿಲ್ಲ."

ಅಧ್ಯಕ್ಷರು ಯೋಚಿಸಿದರು. "ನನಗೂ ನೆನಪಿಲ್ಲಮ್ಮ. ಆದ್ರೆ ಅವರು ಬರೆದಿದ್ದಾರೆ ಅಂದ್ಮೇಲೆ ನಾನು ಹೇಳಿರಲೇಬೇಕು." ಗುಮಾಸ್ತರ ಕಿವಿಯ ಮೇಲೆ ಅಧ್ಯಕ್ಷರಿಗೆ ತಮ್ಮ ಬಾಯಿಗಿಂತ ಹೆಚ್ಚು ನಂಬಿಕೆ. ಅಂಥ ಸಭೆ ನಮ್ಮದು.

"ಹೇಳಿದವನು ಅಲ್ಲಿದ್ದಾನೆ," ಎಂದು ಅಕ್ಕ ಬೆಂಚಿನ ಕಡೆ ತಿರುಗಿದರು. "ಅವನಿಗೆ ಎರಡು ಮಾತು ಆಡೋಕೆ ಅಪ್ಪಣೆ ಕೊಡಿ. ಏಳು ತಂಬಿ."

ಎದ್ದೆ. ಅಧ್ಯಕ್ಷರು ತಲೆಯಾಡಿಸಿದರು. ನಾನು ಚಿಕ್ಕದಾಗಿ ಕೆಮ್ಮಿ, ಉದ್ದವಾಗಿ ಕೆಮ್ಮಿ, "ಕೈಬಿಡಿ, ಮುಂದಿನದು," ಎಂದೆ. ಆ ಸಭಾಂಗಣದಲ್ಲಿ ನಾನು ಕಂಡಂತೆ ಮೊದಲ ಸಲ ಗುಮಾಸ್ತರು ತಲೆ ಎತ್ತಿ, ಹಿಂದಕ್ಕೆ ತಿರುಗಿ, ಧ್ವನಿಗೊಂದು ಮುಖವಿರುವುದನ್ನು ನೋಡಿದರು.

ಅಧ್ಯಕ್ಷರು, "ನಾನು ಹಿಂಗಾ ಕೆಮ್ಮೋದು?" ಎಂದು ಕೇಳಿ, ಅನುಮಾನ ಪರಿಹಾರಕ್ಕೆಂಬಂತೆ ಎರಡು ಸಲ ಕೆಮ್ಮಿ ನೋಡಿಕೊಂಡರು. ಸಭೆಯೆಲ್ಲ ನಕ್ಕಿತು. ಅವರೂ ನಕ್ಕರು. ಕ್ಷಮೆ ಕೇಳುತ್ತೇನೆ ಎಂದು ನಾನು ಹೇಳುವ ಮೊದಲೇ ಗುಮಾಸ್ತರು ಎದ್ದು ನಿಂತಿದ್ದರು.

"ಸಭೆಯ ಕ್ಷಮೆ ಕೋರ್ತೀನಿ. ನನ್ನ ಕಿವಿ ತಪ್ಪಿತು."

"ಇಲ್ಲ ಸಾರ್," ಎಂದೆ. ಅದು ಮಾತ್ರ ನನ್ನ ಧ್ವನಿಯಲ್ಲೇ ಗಟ್ಟಿಯಾಗಿ ಬಂತು. "ನಿಮ್ಮ ಕಿವಿ ಸರಿ ಇದೆ. ತಪ್ಪಿದ್ದು ನನ್ನ ಬಾಯಿ."

ಅಷ್ಟಕ್ಕೇ ಮುಗಿಯುತ್ತದೆಂದು ಎಲ್ಲರೂ ಅಂದುಕೊಂಡೆವು. ಆದರೆ ದಿಣ್ಣೆಯ ಮೇಲಿನ ವಾರ್ಡಿನ ಹಿರಿಯ ಸದಸ್ಯರು ಎದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಪೇಪರ್ ಹೊದಿಸಿದ ಕಾನೂನು ಪುಸ್ತಕ. ಅವರ ವಾರ್ಡಿಗೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಆರಕ್ಕೇ. ತಗ್ಗಿನಲ್ಲಿ ಅದೇ ಹೊತ್ತಿಗೆ ನಲ್ಲಿ ತಿರುಗಿಸಿದರೆ ದಿಣ್ಣೆಯ ನಲ್ಲಿಗಳಲ್ಲಿ ಬರೀ ಗಾಳಿ ಬರುತ್ತದೆ, ನಮ್ಮವರು ಸ್ನಾನವಿಲ್ಲದೆ ಪೂಜೆಗೆ ಕೂರುವುದು ಹೇಗೆ ಎಂಬುದು ಅವರ ಚಿಂತೆ. ಅದು ಸುಳ್ಳು ಚಿಂತೆಯೇನಲ್ಲ. ಅವರೂ ತಮ್ಮ ಜನರಿಗಾಗಿಯೇ ನಿಂತಿದ್ದರು. ಒಮ್ಮೆ ಕೈಬಿಟ್ಟ ವಿಷಯವನ್ನು ಮೂರು ತಿಂಗಳು ಮತ್ತೆ ಎತ್ತುವಂತಿಲ್ಲ ಎಂದು ಪುಸ್ತಕ ತೋರಿಸಿದರು. ಮೂರು ತಿಂಗಳೆಂದರೆ ಪರೀಕ್ಷೆ ಮುಗಿದು, ರಜೆ ಮುಗಿದು, ಮಳೆಗಾಲ. ಗೋಡೆಯ ಹತ್ತಿರ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮುಂದೆ ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಸಭೆ ಅಂದೇ ಆ ಠರಾವನ್ನು ತಿದ್ದಿತು. ಪರೀಕ್ಷೆಯ ಮೊದಲ ದಿನಕ್ಕೆ ಸರಿಯಾಗಿ ತಗ್ಗಿನ ಕೇರಿಗೆ ಬೆಳಿಗ್ಗೆ ಆರಕ್ಕೆ ನೀರು ಬಂತು. ದಿಣ್ಣೆಯವರಿಗೆ ಅದಕ್ಕೂ ಮುಕ್ಕಾಲು ಗಂಟೆ ಮೊದಲೇ ಬಿಟ್ಟು, ಅವರ ಪೂಜೆಗೂ ತೊಂದರೆಯಾಗದಂತೆ ಅಕ್ಕನೇ ವಾಲ್ವ್‌ನವನ ಜೊತೆ ಕೂತು ಹೊಂದಿಸಿದರು. ಆ ಹುಡುಗಿ ಪಾಸಾದಳು. ಗುಮಾಸ್ತರು ನಿವೃತ್ತಿಯವರೆಗೆ ಮತ್ತೆ ತಲೆ ಬಗ್ಗಿಸಿಯೇ ಬರೆದರು, ಆದರೆ ನಾನು ಬೆಂಚಿನ ಮೇಲೆ ಕೂತ ದಿನ ಮಾತ್ರ ಒಮ್ಮೆ ಹಿಂದೆ ತಿರುಗಿ ನನ್ನ ಬಾಯಿ ಮುಚ್ಚಿದೆಯೇ ಎಂದು ನೋಡಿಕೊಂಡು ಶುರುಮಾಡುತ್ತಿದ್ದರು. ಗೋಡೆಯ ಮೇಲಿದ್ದ 'ಸಾರ್ವಜನಿಕರು ಮಾತನಾಡಬಾರದು' ಎಂಬ ಫಲಕಕ್ಕೆ 'ಯಾರ ಧ್ವನಿಯಲ್ಲೂ' ಎಂದು ಸೇರಿಸಬೇಕೆಂಬ ಗೆಳೆಯನ ಸಲಹೆಯನ್ನು ಯಾರೂ ಕಾರ್ಯಸೂಚಿಗೆ ತೆಗೆದುಕೊಳ್ಳಲಿಲ್ಲ. ಈಗಲೂ ಯಾರಾದರೂ ನಮ್ಮೂರ ಸಭೆಗಳ ಬಗ್ಗೆ ಹಗುರವಾಗಿ ಮಾತಾಡಿದರೆ, ಅಡಿಕೆ ಆರಿಸುವ ಕೈಯೊಂದು ಅಲ್ಲಿ ಮಾತಿನ ರಾಶಿಯಿಂದ ಗೊರಬಲನ್ನು ಬೇರೆ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದು ಎದೆಯುಬ್ಬಿಸಿ ಹೇಳುತ್ತೇನೆ.

ಇದೆಲ್ಲಕ್ಕೂ ಕಾರಣ ಅಂದು ಅಕ್ಕ ಆಡಿದ ಒಂದು ಮಾತು. ಹಿರಿಯ ಸದಸ್ಯರು ಕಾನೂನು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು ಹೇಳಿದ್ದರು: "ಯಾರ ಬಾಯಿಂದ ಬಂತು ಅನ್ನೋದು ನಮಗೆ ಬೇಡ. ಅಧ್ಯಕ್ಷರ ಧ್ವನಿ ಕೇಳಿಸ್ತು, ಗುಮಾಸ್ತರು ಬರೆದ್ರು. ಬರೆದ ಮೇಲೆ ಅದು ಠರಾವೇ. ಅದನ್ನ ಮುಟ್ಟೋ ಹಾಗಿಲ್ಲ."

ಅಕ್ಕ ಕೂರಲಿಲ್ಲ. ಅವರ ಕಡೆಗೆ ಕೈ ಮುಗಿದು, ನಗುತ್ತಾ ಎಂದರು: "ಹಂಗಾ ಯಜಮಾನ್ರೇ, ಧ್ವನಿಯೊಂದೇ ಸಾಕಾ? ಹುಡುಗ ಇಲ್ಲೇ ನಿಂತಿದ್ದಾನೆ. ಅದೇ ಎರಡು ಕೆಮ್ಮು ಕೆಮ್ಮಿಸಿ 'ಒಪ್ಪಿದೆ, ಮುಂದಿನದು' ಅನ್ನಿಸ್ತೀನಿ, ಗುಮಾಸ್ತರು ಅದನ್ನೂ ಬರ್ಕೊಳ್ಳಲಿ."